ಹಲವು ಮಕ್ಕಳ ತಾಯಿಯ ಬೇರು

ಬೆಣಚುಗುಡ್ಡದ ಪಡುವಣ ತಪ್ಪಲಲ್ಲಿ, ಹಿರೇಕೊಡಗಲಿ ಊರಿನಿಂದ ಒಂದು ಹರದಾರಿ ದೂರಕ್ಕೆ, ನಾಲ್ಕು ಕಲ್ಲುಕಂಬಗಳ ಮೇಲೆ ಹಾಸುಗಲ್ಲು ಹೊದಿಸಿದ ಒಂದು ಪುಟ್ಟ ಮಂಟಪವಿತ್ತು. ಪೂಜ್ಯ ನಿಂಬೆವ್ವ ತಾಯಿಯವರು ತಮ್ಮ ಬಾಳಿನ ನಲವತ್ತೆರಡು ವರ್ಷಗಳನ್ನು ಕಳೆದದ್ದು ಆ ಮಂಟಪದಲ್ಲಿಯೇ. ಒಂದು ಕರಿಯ ಕಂಬಳಿ, ಅಂಬಲಿ ಕಾಯಿಸುವ ಗಡಿಗೆ, ಬೀಸುವ ಕಲ್ಲು, ಎರಡು ಕೊಡ, ಎದೆಯ ಮೇಲಿನ ಲಿಂಗ. ಇಷ್ಟರ ಹೊರತು ಅವರ ಬಳಿ ಬೇರೇನನ್ನೂ ಕಂಡವರಿಲ್ಲ. ಬೆಳಗಾಗುತ್ತಲೆ ಗುಡ್ಡದ ಸೆಲೆಯಿಂದ ನೀರು ಹೊತ್ತು ತಂದು, ದನಕುರಿಗಳು ಕುಡಿಯುವ ಕಲ್ಲುದೋಣಿಯನ್ನು ತುಂಬಿಸುತ್ತಿದ್ದರು. ಅದು ಮುಗಿದ ಮೇಲೆಯೇ ಲಿಂಗಪೂಜೆ. “ಬಾಯಿಲ್ಲದವು ಮೊದಲು ಕುಡೀಲಿ, ಆಮ್ಯಾಲೆ ನನ್ನ ಶಿವಗ ನೀರು” ಎನ್ನುತ್ತಿದ್ದರು. ಮಾತು ಬಲು ಕಡಿಮೆ. ಒಂದು ದಿನದಲ್ಲಿ ಅವರು ಆಡುವ ಮಾತನ್ನು ಒಂದು ಬೊಗಸೆಯಲ್ಲಿ ಹಿಡಿಯಬಹುದೆಂದು ಭಕ್ತರು ನಗುತ್ತಿದ್ದರು.

ಗುಡ್ಡ ಮಠಕ್ಕೆ ಸೇರಿದ್ದು. ಹಿಂದಿನ ಗುರುಗಳು ಲಿಂಗೈಕ್ಯರಾಗುವ ಮುನ್ನ, “ಗುಡ್ಡದ ವಿಷಯದಲ್ಲಿ ನಿಂಬೆವ್ವನ ಮಾತೇ ಮಠದ ಮಾತು” ಎಂದು ಊರ ಹಿರಿಯರ ಎದುರಿಗೆ ಹೇಳಿ ಹೋಗಿದ್ದರು. ಹೀಗಾಗಿ ಯಾರು ಕಟ್ಟಿಗೆ ಕಡಿಯಬೇಕು, ಯಾರು ಕುರಿ ಬಿಡಬೇಕು ಎಂಬುದಕ್ಕೆಲ್ಲ ತಾಯಿಯವರ ಅಪ್ಪಣೆ ಬೇಕಿತ್ತು. ಅವರು ಯಾರಿಗೂ ಇಲ್ಲವೆಂದದ್ದಿಲ್ಲ.

ಈಗ್ಗೆ ಅರವತ್ತು ವರ್ಷಗಳ ಹಿಂದೆ, ಒಂದು ಭಾದ್ರಪದ ಮಾಸದಲ್ಲಿ ನಡೆದ ಪ್ರಸಂಗವಿದು. ಇದನ್ನು ಲೋಕಕ್ಕೆ ತಿಳಿಸಿದವರು ಇದನ್ನು ಅನುಭವಿಸಿದ ವೈದ್ಯ ಶಾಂತಮಲ್ಲಯ್ಯನವರೇ. ತಮ್ಮ ಮುಪ್ಪಿನಲ್ಲಿ, ಕೇಳಿದವರಿಗೆಲ್ಲ, ತಮ್ಮ ತಪ್ಪನ್ನು ಎಳ್ಳಷ್ಟೂ ಮುಚ್ಚಿಡದೆ ಅವರು ಇದನ್ನು ಹೇಳುತ್ತಿದ್ದರು.

ಶಾಂತಮಲ್ಲಯ್ಯನವರದು ಹಿರೇಕೊಡಗಲಿಯ ಹಳೆಯ ವೈದ್ಯರ ಮನೆತನ. ಬೆಣಚುಗುಡ್ಡದ ಬೇರು, ನಾರು, ತೊಗಟೆಗಳನ್ನು ಅವರಷ್ಟು ಬಲ್ಲವರು ಸುತ್ತ ಹದಿನೆಂಟು ಹಳ್ಳಿಗಳಲ್ಲಿ ಇರಲಿಲ್ಲ. ಕಾಮಾಲೆಗೆ ನೆಲನೆಲ್ಲಿ, ಉಷ್ಣಕ್ಕೆ ಸೊಗದೆ ಬೇರು, ಮೂತ್ರ ಕಟ್ಟಿದವರಿಗೆ ನೆಗ್ಗಿಲು. ಅವರ ಕೈಗುಣವನ್ನು ಜನ ಹೊಗಳುತ್ತಿದ್ದರು. ಹೊಗಳಿಕೆಯಿಂದಲೋ ಏನೋ, ಅವರಲ್ಲಿ ಒಂದಿಷ್ಟು ಬಿಗುಮಾನ ಬೆಳೆದಿತ್ತು. ರೋಗಿಗಳು ಮೊದಲು ತಾಯಿಯವರ ದರ್ಶನ ಪಡೆದು, ಹಣೆಗೆ ವಿಭೂತಿ ಹಚ್ಚಿಸಿಕೊಂಡು, ಆಮೇಲೆ ತಮ್ಮ ಮನೆಗೆ ಬರುವುದು ಅವರಿಗೆ ಸೇರುತ್ತಿರಲಿಲ್ಲ. “ರೋಗ ಬಿಡಿಸೋದು ನನ್ನ ಬೇರು. ಹೆಸರು ಮಾತ್ರ ಆ ನೀರು ಹೊರೋ ಮುದುಕೀದು” ಎಂದು ಮಡದಿ ಶಿವಗಂಗವ್ವನವರ ಮುಂದೆ ಗೊಣಗುತ್ತಿದ್ದರು. ಇಪ್ಪತ್ತು ವರ್ಷ ಮಂಟಪದ ಮುಂದೆಯೇ ಗುಡ್ಡ ಹತ್ತಿಳಿದರೂ ಒಮ್ಮೆಯೂ ನಿಂತು ನಮಸ್ಕರಿಸಿದವರಲ್ಲ.

ಆ ವರ್ಷ ಅವರ ಒಬ್ಬಳೇ ಮಗಳು ದ್ರಾಕ್ಷಾಯಣಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆಣ್ಣುಕೂಸು ಹುಟ್ಟಿತು. ಹೆರಿಗೆ ಕಷ್ಟದ್ದಾಗಿ ಬಾಣಂತಿ ಸೋತುಹೋಗಿದ್ದಳು. ಒಂಬತ್ತು ದಿನ ಕಳೆದರೂ ಎದೆಯಲ್ಲಿ ಹಾಲು ಬರಲಿಲ್ಲ. ಆಕಳ ಹಾಲಿಗೆ ನೀರು ಬೆರೆಸಿ, ಅರಳೆಯ ಬತ್ತಿಯಲ್ಲಿ ಅದ್ದಿ ಬಾಯಿಗಿಟ್ಟರೆ ಕೂಸು ಕಾರಿಕೊಳ್ಳುತ್ತಿತ್ತು. ಅದರ ಅಳು ದಿನದಿನಕ್ಕೆ ಸಣ್ಣದಾಗುತ್ತ ಬಂತು. ಗೋಡೆಗೆ ಮುಖ ತಿರುಗಿಸಿ ಮಲಗಿದ ದ್ರಾಕ್ಷಾಯಣಿ, “ಅಪ್ಪಾ, ಊರಿನವ್ರಿಗೆಲ್ಲಾ ಔಷಧ ಕೊಟ್ಟೀರಿ. ನನಗೊಂದು ಇಲ್ಲೇನು?” ಎಂದಳು.

ಇತ್ತು. ಎದೆಹಾಲು ಇಳಿಸಲು ಅವರ ಮನೆತನ ನಂಬಿದ್ದ ಬೇರಿಗೆ ಹಲವು ಮಕ್ಕಳ ತಾಯಿ ಎಂದು ಹೆಸರು. ಸೂಜಿಯಂಥ ಎಳೆ ಎಲೆಗಳ, ಕೊಕ್ಕೆಮುಳ್ಳಿನ ಬಳ್ಳಿ ಅದು. ನೆಲದೊಳಗೆ ಒಂದೇ ಬುಡಕ್ಕೆ ಹತ್ತಾರು ಬಿಳಿಯ ಗೆಡ್ಡೆಗಳು, ತಾಯಿಯ ಸುತ್ತ ಮಕ್ಕಳು ಕೂತಂತೆ ಗೊಂಚಲಾಗಿರುತ್ತವೆ. ಆದರೆ ವೈದ್ಯರ ಮನೆಯ ಡಬ್ಬಿ ಬರಿದಾಗಿತ್ತು. ಎರಡು ದಿನ ಅವರು ಗುಡ್ಡವನ್ನು ಅಂಗುಲ ಅಂಗುಲವಾಗಿ ಹುಡುಕಿದರು. ಬಳ್ಳಿ ಕಾಣಲಿಲ್ಲ. ಕಂಡದ್ದೆಲ್ಲ ಕುರಿಯ ಹಿಕ್ಕೆ, ಕುರಿಯ ಹೆಜ್ಜೆ, ಕುರಿಯ ಬಾಯಿಗೆ ಸಿಕ್ಕಿ ಮೊಂಡಾದ ಗಿಡ. ಬಯಲಿನ ಗೋಮಾಳಗಳನ್ನೆಲ್ಲ ಜನ ಉತ್ತುಕೊಂಡ ಮೇಲೆ ಆರು ಹಟ್ಟಿಗಳ ಕುರಿ ಈ ಒಂದು ಗುಡ್ಡಕ್ಕೇ ಬೀಳುತ್ತಿದ್ದವು. ವೈದ್ಯರ ಮೈ ಉರಿಯಿತು. ತಮ್ಮ ಮೊಮ್ಮಗಳ ಬಾಯಿಯ ಹಾಲನ್ನು ಕುರಿ ತಿಂದಿವೆ ಎಂದೇ ಅವರಿಗೆ ತೋರಿತು.

ಊರ ಹಿರಿಯರ ಬಳಿ ಹೋದರು. “ಕುರಿ ಹೊರಗ ಹಾಕಿಸ್ರಿ. ಗುಡ್ಡಾ ಮುಚ್ಚಿಸ್ರಿ” ಎಂದರು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, “ಅಯ್ಯನವರ, ಅದು ನಮ್ಮ ಕೈಯಾಗಿಲ್ಲ. ತಾಯಿ ಹೇಳಬೇಕು” ಎಂದರು.

ಹೀಗೆ, ಎಂದೂ ನಿಲ್ಲದ ಮಂಟಪದ ಮುಂದೆ ಶಾಂತಮಲ್ಲಯ್ಯನವರು ಅಂದು ಬೆಳಿಗ್ಗೆ ಬಂದು ನಿಂತರು. ತಾಯಿಯವರು ದೋಣಿಯ ಪಾಚಿ ಉಜ್ಜುತ್ತಿದ್ದರು. ಕುರುಬರ ಮಾಳಿಂಗಪ್ಪ ತನ್ನ ಕುರಿಗಳಿಗೆ ನೀರು ಕುಡಿಸಲು ಕಾಯುತ್ತ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಒಂದು ಪಕ್ಕಕ್ಕೆ ನಿಂತಿದ್ದ. ವೈದ್ಯರು ಕೈ ಮುಗಿಯಲಿಲ್ಲ. ಬಂದವರೇ ಮಾತು ಸುರಿದರು.

“ನೋಡ್ರಿ, ನನ್ನ ತಾತನ ಕಾಲಕ್ಕ ಈ ಗುಡ್ಡದಾಗ ನೂರಾ ನಲವತ್ತು ಜಾತಿ ಔಷಧಿ ಇದ್ದುವು. ಈಗ ಅರ್ಧ ಸಿಗೂದಿಲ್ಲ. ಎಲ್ಲಾ ಇವನಂಥವ್ರ ಕುರಿ ಮೇಯ್ದು ಹಾಳು ಮಾಡ್ಯಾವು. ನನ್ನ ಮಗಳು ಹಾಲಿಲ್ಲದ ಒದ್ದಾಡಾಕ ಹತ್ಯಾಳ. ಒಂದು ಬೇರು ಸಿಗವಲ್ದು. ಇವತ್ತಿನಿಂದ ಕುರಿ ಒಂದೂ ಗುಡ್ಡ ಹತ್ತಬಾರದು ಅಂತ ನೀವು ಹೇಳಬೇಕು.”

ಮಾಳಿಂಗಪ್ಪ ತಲೆ ತಗ್ಗಿಸಿದ. ಗುಡ್ಡ ಬಿಟ್ಟರೆ ಅವನ ಕುರಿಗೆ ಬೇರೆ ಮೇವಿಲ್ಲ ಎಂಬುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ತಾಯಿಯವರು ಕೈಯಲ್ಲಿದ್ದ ನಾರಿನ ಉಂಡೆಯನ್ನು ಕೆಳಗಿಟ್ಟು ವೈದ್ಯರ ಮುಖವನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಕೂಸನ್ನು ಕಳಕೊಳ್ಳುವ ಭಯ ಎಂಥದ್ದೆಂದು ಬಲ್ಲವರ ನೋಟ ಅದಾಗಿತ್ತೆಂದು ಶಾಂತಮಲ್ಲಯ್ಯನವರು ಮುಂದೆ ಹೇಳುತ್ತಿದ್ದರು.

“ಅಯ್ಯನವರ,” ಎಂದರು ತಾಯಿಯವರು, “ಇವತ್ತೊಂದು ದಿನ ಮಾಳಿಂಗನ ಕುರಿ ಹಿಂದ ನಡದು ಬರ್ರಿ. ಸಂಜೀಕ ನೀವು ಹೆಂಗ ಹೇಳ್ತೀರೋ ಹಂಗ ನಾ ಅಪ್ಪಣೆ ಮಾಡ್ತೀನಿ.”

ಅಷ್ಟು ಹೇಳಿ ಮತ್ತೆ ದೋಣಿ ಉಜ್ಜತೊಡಗಿದರು.

ವೈದ್ಯರಿಗೆ ಇದು ಹುಡುಗಾಟವೆನಿಸಿತು. ಆದರೆ ಸಂಜೆಗೆ ತಮ್ಮ ಮಾತೇ ನಡೆಯುವುದಾದರೆ ಒಂದು ದಿನ ನಡೆಯುವುದೇನು ಕಷ್ಟವೆಂದು ಒಪ್ಪಿಕೊಂಡರು. ಮಂಟಪದ ಸುತ್ತಲಿನ ನೆಲ ಅಂಗೈಯಂತೆ ಬೋಳಾಗಿತ್ತು. ಕುರಿ ಮೂಸಿಯೂ ನೋಡದ ತಂಗಡಿ, ಎಕ್ಕೆ, ಕಳ್ಳಿ ಇಷ್ಟೇ ಅಲ್ಲಿ ಉಳಿದಿದ್ದವು. “ನೋಡಿದ್ಯಾ?” ಎಂದರು ವೈದ್ಯರು, ಗೆದ್ದವರ ದನಿಯಲ್ಲಿ.

“ಖರೇನ ಐತ್ರಿ ಅಯ್ನಾರ” ಎಂದ ಮಾಳಿಂಗಪ್ಪ. “ನೀರು ಇದ್ದಲ್ಲೆ ಕುರಿ ನಿಲ್ತಾವ. ಆರು ಹಟ್ಟಿ ಕುರಿ ದಿನಾ ಇಲ್ಲೇ ತುಳಿದಾವ. ನೆಲಕ್ಕ ಉಸಿರಾಡಾಕ ಬಿಟ್ಟಿಲ್ಲ ನಾವು. ತಪ್ಪು ನಮ್ದೂ ಐತಿ.”

ವಾದಕ್ಕೆ ಸಿದ್ಧರಾಗಿದ್ದ ವೈದ್ಯರು ವಾದ ಬಿಟ್ಟು ಕುರಿಗಳ ಹಿಂದೆ ನಡೆದರು.

ಬಿಸಿಲೇರುವ ಹೊತ್ತಿಗೆ ಕುರಿಗಳು ನಡುಗುಡ್ಡದ ಇಳಿಜಾರಿಗೆ ಬಂದವು. ಅಲ್ಲಿ ಅವು ನಿಲ್ಲಲಿಲ್ಲ. ಒಂದು ಬಾಯಿ ಹುಲ್ಲು ಕಚ್ಚಿ, ಎರಡು ಹೆಜ್ಜೆ ನಡೆದು, ಇನ್ನೊಂದು ಬಾಯಿ ಕಚ್ಚಿ, ತೇಲಿದ ಹಾಗೆ ಮುಂದೆ ಸಾಗಿದವು. ವೈದ್ಯರು ತಮ್ಮ ಜನ್ಮದಲ್ಲಿ ಮೊದಲ ಸಲ ಕುರಿ ಬಿಟ್ಟುಹೋದ ನೆಲವನ್ನು ಕುಕ್ಕರಗಾಲಲ್ಲಿ ಕೂತು ನೋಡಿದರು. ಹುಲ್ಲು ಗಿಡ್ಡವಾಗಿತ್ತು. ಅದರ ನಡುವೆ ಬಿಸಿಲು ನೇರ ನೆಲಕ್ಕೆ ಬಿದ್ದು, ವಿಷ್ಣುಕ್ರಾಂತಿ ನೀಲಿ ಹೂ ಬಿಟ್ಟು ಹಬ್ಬಿತ್ತು. ನೆಲನೆಲ್ಲಿ, ನೆಗ್ಗಿಲು, ನೆಲಕ್ಕೆ ಅಂಟಿಕೊಂಡ ಇನ್ನೂ ಏಳೆಂಟು ಬಗೆ. ಎಣಿಸುತ್ತ ಹೋದವರು ಇಪ್ಪತ್ತಮೂರಕ್ಕೆ ನಿಂತರು.

“ಗದ್ದುಗೀ ಗ್ವಾಡಿ ಒಳಗ ಇದಕ್ಕಿಂತ ಹೆಚ್ಚು ಸಿಗ್ತಾವ” ಎಂದರು ಅವರು, ತಮಗೆ ತಾವೇ ಹೇಳಿಕೊಂಡಂತೆ. “ಅಲ್ಲಿ ಮೂವತ್ತು ವರ್ಷದಿಂದ ಒಂದು ಕುರಿ ಕಾಲಿಟ್ಟಿಲ್ಲ. ನಡಿ, ನಿನಗ ತೋರಸ್ತೀನಿ.”

ಗುಡ್ಡದ ನೆತ್ತಿಯ ಹತ್ತಿರ ಹಿಂದಿನ ಗುರುಗಳ ಗದ್ದುಗೆಯಿತ್ತು. ಅದರ ಸುತ್ತ ಎಂಟು ಎಕರೆ ನೆಲಕ್ಕೆ ಗಾರೆಯಿಲ್ಲದ ಬರಿಗಲ್ಲಿನ ಗೋಡೆ ಹಾಕಿ, ದನಕುರಿ ಬಾರದಂತೆ ಕಾದಿದ್ದರು. ಬೇರು ಅಗೆಯಲು ವೈದ್ಯರ ಮನೆತನಕ್ಕೆ ಮಾತ್ರ ಅಲ್ಲಿ ಪ್ರವೇಶ. ಮಾಳಿಂಗಪ್ಪ ಕುರಿಗಳನ್ನು ಹೊರಗೆ ತರುಬಿ, ಚಪ್ಪಲಿ ಕಳಚಿ, ವೈದ್ಯರ ಹಿಂದೆ ಗೋಡೆ ದಾಟಿದ.

ಒಳಗೆ ಹುಲ್ಲು ಸೊಂಟದೆತ್ತರ ನಿಂತಿತ್ತು. ಕಳೆದ ವರ್ಷದ್ದು, ಅದರ ಹಿಂದಿನ ವರ್ಷದ್ದು ಎಲ್ಲ ಒಣಗಿ, ಬಾಗಿ, ಒಂದರ ಮೇಲೊಂದು ಬಿದ್ದು ಚಾಪೆಯಾಗಿತ್ತು. ಶಾಂತಮಲ್ಲಯ್ಯನವರು ಎರಡೂ ಕೈಯಿಂದ ಆ ಚಾಪೆಯನ್ನು ಎತ್ತಿ ನೋಡಿದರು. ಕೆಳಗೆ ನೆಲ ಬಿಳಿಚಿಕೊಂಡಿತ್ತು. ವಿಷ್ಣುಕ್ರಾಂತಿಯಿಲ್ಲ, ನೆಲನೆಲ್ಲಿಯಿಲ್ಲ. ಅಲ್ಲೊಂದು ಇಲ್ಲೊಂದು ಸೊಗದೆಯ ಬಳ್ಳಿ ಹುಲ್ಲನ್ನು ಹಿಡಿದು ಮೇಲೆದ್ದಿತ್ತು. ಕುರಿಯ ಬಾಯಿಗೆ ಸಿಕ್ಕಿದ್ದರೆ ಅದು ಇರುತ್ತಿರಲಿಲ್ಲ. ಗೋಡೆ ಕಾದದ್ದೂ ಉಂಟು, ಗೋಡೆ ಕೊಂದದ್ದೂ ಉಂಟು.

ಇನ್ನೂ ಮುಂದೆ ಹೋದಾಗ ಅವರ ಕಾಲು ಒಂದು ಕುಣಿಯಲ್ಲಿ ಇಳಿಯಿತು. ಮೊಣಕಾಲುದ್ದದ, ಅಂಚು ಸವೆದ ಹಳೆಯ ಕುಣಿ. ಅದರಾಚೆ ಇನ್ನೊಂದು. ಬಂಡೆಯ ಬುಡಕ್ಕೆ ಸಾಲಾಗಿ ಮತ್ತೆ ನಾಲ್ಕು. ಮಾಳಿಂಗಪ್ಪ ನೋಡಿ, ಮುಖ ಆಚೆ ತಿರುಗಿಸಿದ. ಆ ಕುಣಿಗಳು ಯಾವುವೆಂದು ಶಾಂತಮಲ್ಲಯ್ಯನವರಿಗೆ ಗೊತ್ತಿತ್ತು. ಗೊತ್ತಿದ್ದೂ ಅವರು ಅದನ್ನು ಮನಸ್ಸಿನೊಳಕ್ಕೆ ಬಿಟ್ಟುಕೊಳ್ಳಲಿಲ್ಲ. “ನಡಿ, ಬಿಸಿಲು ಹೆಚ್ಚಾತು” ಎಂದು ಹೊರಬಂದರು.

ಮಧ್ಯಾಹ್ನ ಕುರಿಗಳನ್ನು ಹಟ್ಟಿಯ ಹತ್ತಿರ ನೆರಳಿಗೆ ನಿಲ್ಲಿಸಿದರು. ಮಾಳಿಂಗಪ್ಪನ ಮಡದಿ ಸತ್ಯವ್ವ ಬುತ್ತಿ ಬಿಚ್ಚಿ ಕಾದಿದ್ದಳು. ಅವಳ ತೊಡೆಯ ಮೇಲೆ ಎಂಟು ತಿಂಗಳ ಗಂಡುಕೂಸು ಕೈಕಾಲು ಬಡಿಯುತ್ತ ಹಾಲು ಕುಡಿಯುತ್ತಿತ್ತು. ಅಯ್ಯನವರನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಗಂಡನಿಂದ ವಿಷಯ ತಿಳಿದ ಮೇಲೆ, ನೆಲ ನೋಡುತ್ತಲೇ ಕೇಳಿದಳು:

“ಬೇರು ಸಿಗೂತನಕಾ ಕೂಸು ಏನು ಕುಡೀತೈತ್ರಿ, ಅಯ್ನಾರ?”

ಅವಳೇ ಮುಂದುವರಿಸಿದಳು:

“ನಮ್ಮನಿ ಹಾಲು ನಿಮ್ಮ ಮನಿಗೆ ನಡೀತೈತೋ ಇಲ್ಲೋ ನನಗ ತಿಳೀದ್ರಿ. ನಡೀತೈತಿ ಅಂದ್ರ ನಾ ಈಗಿಂದೀಗ ಹೋಗ್ತೀನಿ. ನನಗ ಎರಡು ಕೂಸಿಗಾಗುವಷ್ಟು ಐತಿ.”

ಹಿರೇಕೊಡಗಲಿಯ ಅಯ್ಯನವರ ಮನೆಯಲ್ಲಿ ಆ ಕಾಲಕ್ಕೆ ಮಡಿಮೈಲಿಗೆ ಬಿಗಿಯಾಗಿತ್ತು. ಅಡುಗೆಮನೆಯ ಹೊಸ್ತಿಲನ್ನು ಬೇರೆಯವರು ದಾಟುತ್ತಿರಲಿಲ್ಲ. ಶಾಂತಮಲ್ಲಯ್ಯನವರು ಆ ಹೆಣ್ಣುಮಗಳ ಮುಖ ನೋಡಿದರು. ಅವಳ ಗಂಡನ ಕುರಿಗಳನ್ನು ಗುಡ್ಡದಿಂದ ಅಟ್ಟಿಸಲು ತಾವು ಬೆಳಿಗ್ಗೆ ತಾಯಿಯವರ ಮುಂದೆ ನಿಂತಿದ್ದುದು ಅವಳಿಗೂ ಈಗ ತಿಳಿದಿತ್ತು. “ನಡೀತೈತವ್ವಾ” ಎಂದರು. “ಹೋಗು ತಾಯಿ. ನಾ ಕಳಿಸೀನಿ ಅಂತ ಹೇಳು.” ಸತ್ಯವ್ವ ತನ್ನ ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು, ಬುತ್ತಿಯನ್ನೂ ಉಣ್ಣದೆ, ಇಳಿಜಾರಿನಲ್ಲಿ ದಾಪುಗಾಲು ಹಾಕುತ್ತ ಊರ ಕಡೆ ಹೋದಳು.

ಇಳಿಹೊತ್ತಿನಲ್ಲಿ ಮಾಳಿಂಗಪ್ಪ ಕುರಿಗಳನ್ನು ಬಡಗಣ ಕಣಿವೆಗೆ ತಿರುಗಿಸಿದ. ಅಲ್ಲಿ ಕಾರೆಮುಳ್ಳಿನ ದೊಡ್ಡದೊಂದು ಕಂಟಿ ಇತ್ತು. ಕುರಿಗಳು ಅದರ ಸುತ್ತ ಹುಲ್ಲು ಮೇಯ್ದುವೇ ಹೊರತು ಮುಳ್ಳಿಗೆ ಹೆದರಿ ಒಳಗೆ ಬಾಯಿ ಹಾಕಲಿಲ್ಲ. ಮಾಳಿಂಗಪ್ಪ ಕಂಬಳಿಯನ್ನು ತಲೆಗೆ ಹೊದ್ದು, ನೆಲಕ್ಕೆ ಎದೆಯೂರಿ ತೆವಳುತ್ತ ಕಂಟಿಯೊಳಗೆ ನುಗ್ಗಿದ. “ಬರ್ರಿ ಅಯ್ನಾರ, ತಲೀ ತಗ್ಗಿಸಿ ಬರ್ರಿ.” ಮುಳ್ಳಿಗೆ ಹೆಗಲ ವಸ್ತ್ರ ಸಿಕ್ಕಿ ಹರಿದರೂ ಲೆಕ್ಕಿಸದೆ ವೈದ್ಯರು ತೆವಳಿದರು. ಒಳಗೆ, ಮಬ್ಬು ನೆರಳಿನಲ್ಲಿ, ಕಾರೆಯ ಕಾಂಡವನ್ನು ತಬ್ಬಿಕೊಂಡು ಹಲವು ಮಕ್ಕಳ ತಾಯಿಯ ಬಳ್ಳಿ ಹಚ್ಚಗೆ ನಿಂತಿತ್ತು.

ಅವರ ಕಣ್ಣಿಗೆ ಕಂಟಿಯೆಲ್ಲ ನೀರಾಡಿದಂತೆ ಕಂಡಿತು. ಕೈ ತಾನಾಗಿಯೇ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಚಿಕ್ಕ ಗುದ್ದಲಿಗೆ ಹೋಯಿತು. ಮಾಳಿಂಗಪ್ಪ ಮೆಲ್ಲಗೆ ಆ ಕೈ ಹಿಡಿದ.

“ಗುದ್ದಲಿ ಬ್ಯಾಡ್ರಿ. ನಮ್ಮ ಹೆಣ್ಣಮಕ್ಕಳಿಗೂ ಇದನ್ನ ಕೊಡ್ತೀವಿ. ಇನ್ನೂ ಉಳದೈತೋ ಇಲ್ಲೋ ಅಂತ ಮುಂಜಾನೆ ಹೇಳಲಿಲ್ಲ. ನಮ್ಮವ್ವ ಹೇಳಿಕೊಟ್ಟಾಳ ಹೆಂಗ ತಗೀಬೇಕಂತ.”

ಅವನು ಬೆರಳಿನಿಂದ ಬುಡದ ಒಂದು ಮಗ್ಗುಲ ಮಣ್ಣನ್ನು ಕೆದರಿದ. ಗೆಡ್ಡೆಗಳ ಗೊಂಚಲು ಅರ್ಧ ಕಂಡಿತು. ಅದರಲ್ಲಿ ಬಲಿತ ಐದನ್ನು ಮಾತ್ರ, ಹಾಲು ಕುಡಿಯುವ ಕೂಸನ್ನು ತಾಯಿಯಿಂದ ಬಿಡಿಸಿದಷ್ಟು ಹಗುರಾಗಿ, ಒಂದೊಂದೇ ಬಿಡಿಸಿದ. ಬುಡವನ್ನು ಅಲುಗಿಸಲಿಲ್ಲ. ಮಣ್ಣು ಮುಚ್ಚಿ, ಅಂಗೈಯಿಂದ ಒತ್ತಿ, ಸೊಂಟದ ಸೋರೆಬುರುಡೆಯಿಂದ ಒಂದು ಗುಟುಕು ನೀರು ಹನಿಸಿದ. “ಮುಂದಿನ ವರ್ಷ ಈ ಕಡೀದು, ಅದರ ಮುಂದಿನ ವರ್ಷ ಆ ಕಡೀದು” ಎಂದು ನಕ್ಕ.

ಶಾಂತಮಲ್ಲಯ್ಯನವರು ಆ ಐದು ಗೆಡ್ಡೆಗಳನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ತಾವು ಮತ್ತು ತಮ್ಮ ತಂದೆ ಎಂದೂ ಬುಡವನ್ನು ಉಳಿಸಿದವರಲ್ಲ. ಗುದ್ದಲಿಯಿಂದ ಕುಣಿ ತೋಡಿ, ಗೊಂಚಲನ್ನು ತಾಯಿ ಸಮೇತ ಎತ್ತಿ ಮೂಟೆ ಕಟ್ಟುವುದು ಅವರ ರೂಢಿ.

ಸೂರ್ಯ ಇಳಿಯುವ ಮುನ್ನ ಇಬ್ಬರೂ ಮಂಟಪಕ್ಕೆ ಬಂದರು. ತಾಯಿಯವರು ಅಂಬಲಿಯ ಗಡಿಗೆಯನ್ನು ಒಲೆಯಿಂದ ಇಳಿಸಿ, ಎರಡು ಬಟ್ಟಲಲ್ಲಿ ಬಡಿಸಿ ಮುಂದಿಟ್ಟರು. ವೈದ್ಯರು ಬಟ್ಟಲು ಮುಟ್ಟಲಿಲ್ಲ. ತಾಯಿಯವರೇ ಕೇಳಿದರು:

“ಹೇಳ್ರಿ ಅಯ್ಯನವರ. ಏನಂತ ಅಪ್ಪಣೆ ಮಾಡ್ಲಿ?”

ಬೆಳಿಗ್ಗೆ ನಾಲಗೆಯ ತುದಿಯಲ್ಲಿದ್ದ ಮಾತು ಈಗ ಹೊರಡಲಿಲ್ಲ. ಆದರೂ ಇಪ್ಪತ್ತು ವರ್ಷದ ಬಿಗುಮಾನ ಅಷ್ಟು ಸುಲಭಕ್ಕೆ ಕರಗುವುದೇ? ಅವರು ಅತ್ತಿತ್ತ ನೋಡಿ, “ಕುರಿ ಚಿಗುರು ಚಿವುಟೋದಂತೂ ಖರೇ ಐತಲ್ರಿ” ಎಂದರು. ಅವರ ದನಿ ಅವರಿಗೇ ಕೇಳದಷ್ಟು ಕುಗ್ಗಿತ್ತು.

“ಹೌದು” ಎಂದರು ತಾಯಿಯವರು. “ಕುರಿ ಚಿಗುರು ತಿಂದ್ವು. ಬೇರಿದ್ರ ಮಳೀಗೆ ಮತ್ತ ಚಿಗೀತಿತ್ತು.” ಅಳುವ ಮಗುವನ್ನು ಕೇಳುವಷ್ಟು ಮೃದುವಾಗಿ ಕೇಳಿದರು: “ಗ್ವಾಡಿ ಒಳಗ ಕುರಿ ಹೋಗಿಲ್ಲ. ಅಲ್ಲಿ ಬೇರು ತಿಂದವರು ಯಾರು, ನನ್ನಪ್ಪಾ?”

ಆ “ನನ್ನಪ್ಪಾ” ಎಂಬ ಒಂದು ಮಾತಿಗೆ ಶಾಂತಮಲ್ಲಯ್ಯನವರೊಳಗಿನ ಕಟ್ಟೆ ಒಡೆಯಿತು. ಬೈದಿದ್ದರೆ ಎದುರಾಡುತ್ತಿದ್ದರು. ಶಾಪ ಕೊಟ್ಟಿದ್ದರೆ ನಕ್ಕು ಹೋಗುತ್ತಿದ್ದರು. ಅವರು ನೆಲಕ್ಕೆ ಕುಸಿದು, ತಾಯಿಯವರ ಬಿರುಕುಬಿಟ್ಟ ಪಾದಗಳ ಮೇಲೆ ಹಣೆಯಿಟ್ಟು, ಬಿಕ್ಕಿ ಬಿಕ್ಕಿ ಅತ್ತರು. “ನಾನವ್ವಾ. ನಾನು, ನಮ್ಮಪ್ಪ. ನಾವೇ ತಿಂದೆವು. ನನ್ನ ಮಗಳ ಎದಿ ಹಾಲು ನಾನೇ ಅಗದು ಅಗದು ಮುಗಿಸೀನಿ.”

ಮಾಳಿಂಗಪ್ಪ ಎದ್ದು ಆಚೆ ಹೋಗಿ, ಕಣ್ಣೊರೆಸಿಕೊಂಡು, ಕುರಿಗಳನ್ನು ಎಣಿಸುವವನಂತೆ ನಿಂತ. ತಾಯಿಯವರು ವೈದ್ಯರ ಬೆನ್ನ ಮೇಲೆ ಕೈಯಿಟ್ಟು, ಅವರ ಅಳು ತಾನಾಗಿ ನಿಲ್ಲುವವರೆಗೂ ಅಲ್ಲೇ ಕೂತರು. ಆಮೇಲೆ ಅಂಬಲಿಯ ಬಟ್ಟಲನ್ನು ಅವರ ಕೈಗಿತ್ತರು. “ಕುಡದು ಮನಿಗೆ ನಡೀರಿ. ಬೇರಿಗೆ ಮಗಳು ಕಾಯಾಕ ಹತ್ಯಾಳ. ಗುಡ್ಡದ ಮಾತು ನೀವಿಬ್ರೂ ಕೂಡಿ ಕುಂತು ಆಡ್ರಿ. ನೀವು ಏನು ಕಟ್ಟು ಮಾಡ್ತೀರೋ ಅದೇ ನನ್ನ ಅಪ್ಪಣೆ.”

ಮನೆಯ ಹೊಸ್ತಿಲಲ್ಲಿ ವೈದ್ಯರಿಗೆ ಕೂಸಿನ ಅಳು ಕೇಳಲಿಲ್ಲ. ಓಡಿ ಒಳಗೆ ಬಂದರೆ, ಬಾಣಂತಿಯ ಕೋಣೆಯಲ್ಲಿ ಸತ್ಯವ್ವ ಗೋಡೆಗೆ ಒರಗಿ ಕೂತಿದ್ದಳು. ಅವಳ ಎದೆಗೆ ಮೊಮ್ಮಗಳು ಆತುಕೊಂಡು, ಹೊಟ್ಟೆ ತುಂಬಿ, ತುಟಿಯಂಚಿನಲ್ಲಿ ಹಾಲಿನ ಹನಿಯೊಂದಿಗೆ ನಿದ್ದೆ ಹೋಗಿದ್ದಳು. ಸತ್ಯವ್ವನ ಕೂಸು ದ್ರಾಕ್ಷಾಯಣಿಯ ಮಡಿಲಲ್ಲಿ ಅವಳ ಬಳೆ ಹಿಡಿದು ಆಡುತ್ತಿತ್ತು. ಹೆರಿಗೆಯಾದಂದಿನಿಂದ ನಗದಿದ್ದ ಮಗಳು ನಗುತ್ತಿದ್ದಳು. ಶಿವಗಂಗವ್ವನವರು ಸತ್ಯವ್ವನಿಗೆಂದು ತುಪ್ಪ ಹಾಕಿ ಕಲಸಿದ ಅನ್ನವನ್ನು ಅಡುಗೆಮನೆಯಿಂದ ತಾವೇ ತಂದು ಕೊಟ್ಟರು.

ಶಾಂತಮಲ್ಲಯ್ಯನವರು ಕೈಕಾಲು ತೊಳೆದು, ಐದು ಗೆಡ್ಡೆಗಳ ಸಿಪ್ಪೆ ಸುಲಿದು, ನಾರು ತೆಗೆದು, ಮೊದಲನೆಯದನ್ನು ತಾವೇ ಅರೆದು ಹಾಲಿನಲ್ಲಿ ಕುದಿಸಿದರು. ಐದು ದಿನ ಸತ್ಯವ್ವ ದಿನಕ್ಕೆ ಮೂರು ಹೊತ್ತು ಗುಡ್ಡ ಇಳಿದು ಬಂದು ಹೋದಳು. ಆರನೆಯ ದಿನ ದ್ರಾಕ್ಷಾಯಣಿಯ ರವಿಕೆ ಒದ್ದೆಯಾಯಿತು. ಅವಳು ತಂದೆಯನ್ನು ಕೂಗಿ ಕರೆದ ದನಿಗೆ ಬೀದಿಯವರೆಲ್ಲ ಬಾಗಿಲಿಗೆ ಬಂದರಂತೆ. ತಾಯಿಯವರ ಪವಾಡವೆಂದು ಜನ ಹೇಳಿದರು. ಶಾಂತಮಲ್ಲಯ್ಯನವರು ಮೊದಲ ಸಲ ಆ ಮಾತಿಗೆ ಎದುರಾಡಲಿಲ್ಲ.

ಗುಡ್ಡದ ಮಾತನ್ನು ವೈದ್ಯರೂ ಮಾಳಿಂಗಪ್ಪನೂ ಮಂಟಪದ ಕಟ್ಟೆಯ ಮೇಲೆ ಕೂತು ಆಡಿದರು. ಉಳಿದ ಐದು ಹಟ್ಟಿಯವರನ್ನೂ ಕರೆಸಿದರು. ಗುಡ್ಡವನ್ನು ಮೂರು ಮಗ್ಗುಲು ಮಾಡುವುದು. ಮುಂಗಾರು ಬಿದ್ದಂದಿನಿಂದ ಬೀಜ ಉದುರುವವರೆಗೆ ಒಂದು ಮಗ್ಗುಲಿಗೆ ಕುರಿಯೂ ಇಲ್ಲ, ಗುದ್ದಲಿಯೂ ಇಲ್ಲ. ವರ್ಷಕ್ಕೊಂದು ಮಗ್ಗುಲಿನಂತೆ ಸುತ್ತು. ಗದ್ದುಗೆಯ ಗೋಡೆಯೊಳಗೆ, ಬೀಜ ಉದುರಿದ ಮೇಲೆ, ಎಂಟು ದಿನ ಮಾತ್ರ ಕುರಿ ಬಿಟ್ಟು ಹಳೆಯ ಹುಲ್ಲನ್ನು ಮೇಯಿಸುವುದು. ನೀರಿನ ಹತ್ತಿರ ಯಾವ ಹಿಂಡೂ ತಂಗಬಾರದು. ಕುಡಿಸಿ ನಡೆಸಿಕೊಂಡು ಹೋಗಬೇಕು. ಬೇರು ಬೇಕಾದವರು ಬುಡ ಉಳಿಸಿ ಬೆರಳಿನಿಂದ ತೆಗೆಯಬೇಕು. ಈ ಕೊನೆಯ ಕಟ್ಟನ್ನು ಹೇಳಿದವರು ವೈದ್ಯರೇ. ಹೇಳಿ, ತಮ್ಮ ಗುದ್ದಲಿಯನ್ನು ಮಾಳಿಂಗಪ್ಪನ ಕೈಗೆ ಕೊಟ್ಟುಬಿಟ್ಟರು.

ಕಟ್ಟು ನಡೆಸುವುದು ಸುಲಭವಾಗಲಿಲ್ಲ. ಎರಡನೆಯ ವರ್ಷ ನಡುವೆ ಮಳೆ ತಡೆಯಿತು. ಮೇವು ಮುಗಿದು, ಎರಡು ಹಟ್ಟಿಯವರು ಕುರಿಗಳನ್ನು ಹೊಡೆದುಕೊಂಡು ಆ ವರ್ಷ ಮುಚ್ಚಿದ್ದ ಮಗ್ಗುಲಿನ ಗಡಿಗೆ ಬಂದು ನಿಂತರು. “ಸಾಯೂ ಕುರಿ ಮುಂದ ಬೀಜದ ಮಾತು ಹೇಳಬ್ಯಾಡ್ರಿ ಅಯ್ನಾರ” ಎಂದರು. ಹಿಂದಿನ ಶಾಂತಮಲ್ಲಯ್ಯನವರಾಗಿದ್ದರೆ ಬಡಿಗೆ ಹಿಡಿಯುತ್ತಿದ್ದರು. ಅಂದು ಅವರು ಆ ಹಿಂಡುಗಳ ಮುಂದೆ ನಡೆದು, ಊರ ಪಕ್ಕದ ತಮ್ಮ ನಾಲ್ಕೆಕರೆ ಹೊಲದ ಬೇಲಿ ಸರಿಸಿದರು. ಜೋಳ ಮೊಣಕಾಲುದ್ದ ನಿಂತಿತ್ತು. ಮಾಳಿಂಗಪ್ಪ ಬೆಚ್ಚಿ ಅಡ್ಡ ಬಂದ. “ಅಯ್ನಾರ, ಎಳೀ ಜ್ವಾಳ ಬ್ಯಾಡ್ರಿ! ನೀರಿಲ್ಲದ ಬಾಡಿದ ಜ್ವಾಳ ತಿಂದ್ರ ಕುರಿ ಹೊಟ್ಟಿ ಉಬ್ಬಿ ಸಾಯ್ತಾವ.” ವೈದ್ಯರಿಗೆ ಇದು ತಿಳಿದಿರಲಿಲ್ಲ. ಬೇಲಿಯನ್ನು ಮತ್ತೆ ಮುಚ್ಚಿದರು. ಆಮೇಲೆ ಹಿತ್ತಲಿಗೆ ಹೋಗಿ, ತಮ್ಮ ಆಕಳುಗಳಿಗೆಂದು ಒಟ್ಟಿದ್ದ ಎರಡು ಬಣವಿ ಹಳೆಯ ಸೊಪ್ಪೆಯನ್ನು, ಒಣಗಿದ ಜೋಳದ ದಂಟನ್ನು, ಕೆಡವಿಸಿ ಹಂಚಿದರು. “ಕುರೀ ಮಾತು ನಿನಗ ಗೊತ್ತು, ಮಾಳಿಂಗಪ್ಪಣ್ಣ. ನಾ ಹೇಳೂದಲ್ಲ” ಎಂದರು. ಅಯ್ಯನವರ ಬಾಯಲ್ಲಿ “ಅಣ್ಣ” ಎಂಬುದನ್ನು ಕೇಳಿ ಆ ಹಟ್ಟಿಯವರು ದಂಗಾಗಿ ನಿಂತರು. ಹದಿನೆಂಟು ದಿನಕ್ಕೆ ಮಳೆ ಬಂತು. ಮುಚ್ಚಿದ ಮಗ್ಗುಲಿಗೆ ಒಂದು ಕುರಿಯೂ ಕಾಲಿಡಲಿಲ್ಲ.

ನಾಲ್ಕನೆಯ ವರ್ಷದ ಆಶ್ವಯುಜದಲ್ಲಿ ಒಂದು ಬೆಳಿಗ್ಗೆ ಶಾಂತಮಲ್ಲಯ್ಯನವರು ನಡುಗುಡ್ಡದ ಇಳಿಜಾರಿನಲ್ಲಿ ಒಬ್ಬರೇ ಹೋಗುತ್ತಿದ್ದಾಗ ಗಾಳಿಯಲ್ಲಿ ನವಿರಾದ ಒಂದು ಪರಿಮಳ ಬಂತು. ಅರಸುತ್ತ ಹೋದರು. ಮುಳ್ಳಿನ ಮರೆಯಿಲ್ಲದ ಬಯಲಿನಲ್ಲಿ, ಒಂದು ಬೆಣಚುಕಲ್ಲಿಗೆ ಆತುಕೊಂಡು, ಹಲವು ಮಕ್ಕಳ ತಾಯಿಯ ಬಳ್ಳಿ ಬಿಳಿಯ ಹೂವಿನಲ್ಲಿ ಮುಳುಗಿ ನಿಂತಿತ್ತು. ಅದರ ಆಚೆ ಇನ್ನೊಂದು, ಬೆರಳುದ್ದದ ಎಳೆಯದು. ಬಹಳ ಹೊತ್ತು ಅವರು ಅದರ ಹತ್ತಿರ ಕೂತಿದ್ದರು. ಹೂವಿಗೆ ಬರುವ ಜೇನುಹುಳುಗಳನ್ನು ನೋಡಿದರು. ಎದ್ದು ಬರುವಾಗ ಬಳ್ಳಿಗೆ ಕೈ ಮುಗಿದರು.

ಮಂಟಪದಲ್ಲಿ ತಾಯಿಯವರು ಜೋಳ ಬೀಸುತ್ತಿದ್ದರು. ವೈದ್ಯರ ಹೆಜ್ಜೆ ಸಪ್ಪಳಕ್ಕೆ ತಲೆಯೆತ್ತಿ, “ಗುಡ್ಡದಿಂದ ಏನು ತಂದ್ರಿ, ನನ್ನಪ್ಪಾ?” ಎಂದು ಕೇಳಿದರು.

ಶಾಂತಮಲ್ಲಯ್ಯನವರು ಬರಿದಾದ ಎರಡೂ ಅಂಗೈಗಳನ್ನು ತಾಯಿಯವರ ಮುಂದೆ ಚಾಚಿದರು. ಅವರ ಮುಖದ ತುಂಬ ನಗು, ಕಣ್ಣ ತುಂಬ ನೀರು.

“ಏನೂ ತರಲಿಲ್ಲವ್ವಾ” ಎಂದರು.

ತಾಯಿಯವರು ಬೀಸುವ ಕಲ್ಲನ್ನು ನಿಲ್ಲಿಸಿ, ಹಿಟ್ಟು ಹತ್ತಿದ ಕೈಯಿಂದಲೇ ಆ ಎರಡು ಅಂಗೈಗಳನ್ನು ಹಿಡಿದು, ತಮ್ಮ ಕಣ್ಣಿಗೆ ಒತ್ತಿಕೊಂಡರು.